ನ್ಯೂಯಾರ್ಕಿಗೆ ಹೋದ ಚತುರ್ದಶಿ

ವಿಮಾನದ ತಿಕೀಟು ಮಾಡಿಕೊಡುವ ಕೆಲಸಕ್ಕೆ ಸೇರಬೇಕೆನ್ನುವ ಹುಡುಗ ಹುಡುಗಿಯರಿಗೆ ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಜನ ನಿಮ್ಮ ಟೇಬಲ್ಲಿನ ಮುಂದೆ ಕೂತು ಕೇಳುವುದು ಎರಡೇ ಪ್ರಶ್ನೆ: ಎಷ್ಟು ದೂರ, ಎಷ್ಟು ತಾಸು. ಎರಡಕ್ಕೂ ಉತ್ತರ ಟೈಮ್‌ಟೇಬಲ್ ಪುಸ್ತಕದಲ್ಲಿದೆ. ಅದನ್ನು ನೋಡಿ ಗಿಳಿಯಂತೆ ಒಪ್ಪಿಸಿದರೆ ಸಂಬಳ ಬರುತ್ತದೆ, ಆದರೆ ಒಂದಲ್ಲ ಒಂದು ದಿನ ಯಾವುದಾದರೂ ಮುದುಕಿಯ ಕೈಯಲ್ಲಿ ಸಿಕ್ಕಿಬೀಳುತ್ತೀರಿ. ನಾನು ಸಿಕ್ಕಿಬಿದ್ದದ್ದು ಇಚಲಕರಂಜಿಯ ರತ್ನಕ್ಕನ ಕೈಯಲ್ಲಿ. ಅವರ ಕಥೆಗೆ ಬರುವ ಮೊದಲು ನಮ್ಮ ಆಫೀಸಿನ ಮಹಿಮೆಯನ್ನು ಸ್ವಲ್ಪ ಹೇಳಬೇಕು.

ನಾನು ಗಡಹಿಂಗ್ಲಜದವಳು. ನಮ್ಮಪ್ಪ ಕುರಿ ಕಾಯುತ್ತಿದ್ದ. ಚಂದಗಡ ಎಷ್ಟು ದೂರವೆಂದು ಯಾರಾದರೂ ಕೇಳಿದರೆ ಮೈಲಿ ಹೇಳುತ್ತಿರಲಿಲ್ಲ. "ಕುರಿ ಹೊಡಕೊಂಡು ಹೋದ್ರ ಎರಡು ಹಗಲು, ಮಳಿ ಹಿಡದ್ರ ದೇವರಿಗೇ ಗೊತ್ತು" ಎನ್ನುತ್ತಿದ್ದ. ನಾನು ಮ್ಯಾಟ್ರಿಕ್ ಮುಗಿಸಿ, ಟೈಪಿಂಗ್ ಕಲಿತು, ಎಪ್ಪತ್ತರ ದಶಕದ ನಡುವೆ ಕೊಲ್ಲಾಪುರದ ಒಂದು ಸಣ್ಣ ಟ್ರಾವೆಲ್ ಆಫೀಸಿಗೆ ಸೇರಿದೆ. ಬಡ್ತಿಯ ವಿಷಯ ಬರೆಯುವಂಥದ್ದೇನೂ ಇಲ್ಲ. ಬಾಗಿಲ ಹತ್ತಿರದ ಕುರ್ಚಿಯಿಂದ ಫ್ಯಾನಿನ ಕೆಳಗಿನ ಕುರ್ಚಿಗೆ ಬಂದೆ. ಆ ಫ್ಯಾನು ತಿರುಗುತ್ತಿರಲಿಲ್ಲ.

ನಮ್ಮ ಮಾಲಕರನ್ನು ಎಲ್ಲರೂ ಭಾವುಸಾಹೇಬರು ಎನ್ನುತ್ತಿದ್ದರು. ಜಗತ್ತಿನ ಎಲ್ಲ ಊರಿಗೂ ಜನರನ್ನು ಹಾರಿಸುವ ಈ ಮನುಷ್ಯ ಎರಡನೇ ಮಹಡಿಗೆ ಹತ್ತಿದರೆ ಗೋಡೆ ಹಿಡಿದುಕೊಳ್ಳುತ್ತಿದ್ದರು. ವಿಮಾನದೊಳಗೆ ಕಾಲಿಟ್ಟವರಲ್ಲ. ಆದರೆ ಗಿರಾಕಿಗಳ ಮುಂದೆ ಅವರ ಮಾತು ಕೇಳಿದರೆ ನಿನ್ನೆ ರಾತ್ರಿಯಷ್ಟೇ ಲಂಡನ್ನಿನಲ್ಲಿ ಉಂಡು ಬಂದು ಕೈ ತೊಳೆದುಕೊಂಡರೇನೋ ಅನ್ನಿಸಬೇಕು.

ಅವರ ಹತ್ತಿರ ಒಂದು ಭೂಗೋಲವಿತ್ತು. ಯಾವುದೋ ಶಾಲೆ ಹಳೆಯ ಸಾಮಾನು ಹರಾಜು ಹಾಕಿದಾಗ ತಂದದ್ದು. ಯಾರೋ ಅದನ್ನು ಎತ್ತಿ ಒಗೆದಿದ್ದರೋ ಏನೋ, ಅರಬ್ಬೀ ಸಮುದ್ರದಲ್ಲಿ ಹೆಬ್ಬೆರಳು ಹೋಗುವಷ್ಟು ತಗ್ಗು ಬಿದ್ದಿತ್ತು. ಭಾವುಸಾಹೇಬರು ಮುಂಬಯಿಯ ಮೇಲೆ ಒಂದು ದಾರದ ತುದಿ ಒತ್ತಿ ಹಿಡಿದು, ಇನ್ನೊಂದು ತುದಿಯನ್ನು ಗಿರಾಕಿ ಹೋಗಬೇಕಾದ ಊರಿಗೆ ಮುಟ್ಟಿಸಿ, ಆ ದಾರವನ್ನು ಬೆರಳಿನಲ್ಲಿ ಅಳೆದು, ಇಷ್ಟು ಕಿಲೋಮೀಟರು, ಇಷ್ಟು ತಾಸು ಎಂದು ಹೇಳಿಬಿಡುತ್ತಿದ್ದರು. ದಾರ ತಗ್ಗಿನಲ್ಲಿ ಇಳಿದರೆ ಒಂದು ಲೆಕ್ಕ, ತಗ್ಗಿನ ಮೇಲೆ ಬಿಗಿಯಾಗಿ ಹಿಡಿದರೆ ಇನ್ನೊಂದು ಲೆಕ್ಕ. ಹಿಂಗಾಗಿ ಮಸ್ಕತ್ ಕೆಲವು ದಿನ ದೂರ, ಕೆಲವು ದಿನ ಹತ್ತಿರ ಇರುತ್ತಿತ್ತು.

ನಾನು ಸೇರಿದ ಹೊಸತರಲ್ಲಿ ಶಿರೋಳಿಯ ಒಬ್ಬ ಫೌಂಡ್ರಿ ಮಾಲಕರು ಜರ್ಮನಿಗೆ ಹೋಗಿಬಂದರು. ಬಂದವರೇ ತಿಕೀಟಿನ ಚೂರುಗಳನ್ನು ನನ್ನ ಟೇಬಲ್ಲಿಗೆ ಬಡಿದರು.

"ಏನ್ರಿ ಬಾಯಾರ, ಹೋಗಾಕ ಐದು ತಾಸು, ಬರಾಕ ಹದಿಮೂರು ತಾಸು. ಬರಾಗ ಯಾವ ಡಕೋಟಾ ಗಾಡ್ಯಾಗ ಕುಂದ್ರಿಸಿದ್ರಿ ನನ್ನ? ಮುಂದಿನ ಸಲ ಹೋಗೂ ವಿಮಾನದಾಗನ ವಾಪಸ್ ಕರಕೊಂಡ ಬರ್‍ರಿ."

ತಿಕೀಟಿನ ಮೇಲಿರುವುದು ಆಯಾ ಊರಿನ ಗಡಿಯಾರದ ಹೊತ್ತು, ಜರ್ಮನಿಯ ಗಡಿಯಾರ ನಮ್ಮದಕ್ಕಿಂತ ಹಿಂದೆ ನಡೆಯುತ್ತದೆ, ನಿಜವಾಗಿ ಕೂತದ್ದು ಎರಡೂ ಸಲ ಹೆಚ್ಚು ಕಡಿಮೆ ಅಷ್ಟೇ ಹೊತ್ತು ಎಂದು ನಾನು ಮೂರು ಸಲ ತಿಳಿಸಿ ಹೇಳಿದೆ. ಅವರು ಮೂರು ಸಲವೂ ಇಲ್ಲವೆಂದು ತಲೆ ಅಲ್ಲಾಡಿಸಿದರು. ಒಳಗಿನಿಂದ ಭಾವುಸಾಹೇಬರು ಎಲೆ ಅಡಿಕೆ ಮೆಲ್ಲುತ್ತ ಬಂದರು.

"ಸರಳ ಐತ್ರಿ ಮಾಲಕ. ಹೋಗಾಗ ಉತಾರ, ಬರಾಗ ಚಡಾವ."

"ಹಂಗ ಹೇಳ್ರಿ ಮತ್ತ" ಎಂದು ಫೌಂಡ್ರಿ ಮಾಲಕರು ಸಮಾಧಾನವಾಗಿ ಎದ್ದು ಹೋದರು. ಹೋಗುವಾಗ ಇಳಿಜಾರು, ಬರುವಾಗ ಏರು. ದಿನಾ ಘಾಟಿನಲ್ಲಿ ಲಾರಿ ಓಡಿಸುವವರಿಗೆ ಇದಕ್ಕಿಂತ ಚೆನ್ನಾಗಿ ಯಾರು ಹೇಳಬೇಕು. ನನಗೆ ಭಾಳ ಸಿಟ್ಟು ಬಂತು, ಆದರೆ ಕಲಿತೆ. ಪುಸ್ತಕದಲ್ಲಿದ್ದದ್ದನ್ನು ಹೇಳಿದರೆ ಜನಕ್ಕೆ ತಿಳಿಯುವುದಿಲ್ಲ, ಅವರ ಮೈಗೆ ಗೊತ್ತಿರುವ ಲೆಕ್ಕದಲ್ಲಿ ಹೇಳಬೇಕು. ಆದರೆ ಸುಳ್ಳು ಹೇಳಬಾರದು, ಅಷ್ಟೇ.

ಆವತ್ತಿನಿಂದ ನನ್ನದೊಂದು ಪದ್ಧತಿ ಶುರುವಾಯಿತು. ಪ್ರತಿ ತಿಕೀಟಿನ ಜೊತೆಗೆ ಒಂದು ಚೀಟಿ ಬರೆದುಕೊಡುತ್ತಿದ್ದೆ. ಮುಂಬಯಿಯಿಂದ ಲಂಡನ್: ಗಡಹಿಂಗ್ಲಜದಿಂದ ಕೊಲ್ಲಾಪುರಕ್ಕೆ ಎಸ್‌ಟಿ ಬಸ್ಸಿನಲ್ಲಿ ಐದು ಸಲ ಹೋದಷ್ಟು ಹೊತ್ತು ಕೂಡಬೇಕು, ನಡುವೆ ಚಹಾಕ್ಕೆ ಇಳಿಸುವುದಿಲ್ಲ. ಇಳಿದ ಮೇಲೆ ಕೈಗಡಿಯಾರ ಇಷ್ಟು ಹಿಂದಕ್ಕೆ ತಿರುವಬೇಕು. ಮೊದಲನೆಯ ನಿದ್ದೆ ಇಲ್ಲಿ, ಮೊದಲನೆಯ ಊಟ ಇಲ್ಲಿ. ಜನ ತಿಕೀಟು ಕಳೆದುಕೊಂಡರೂ ನನ್ನ ಚೀಟಿ ಕಳೆದುಕೊಳ್ಳುತ್ತಿರಲಿಲ್ಲ. ಭಾವುಸಾಹೇಬರು ಮೊದಮೊದಲು ಕಾಗದ ದಂಡ ಎಂದು ಗೊಣಗಿದರು. ಆಮೇಲೆ ಅದು ತಾವೇ ಕಂಡುಹಿಡಿದ ಪದ್ಧತಿ ಎಂದು ಊರ ತುಂಬ ಹೇಳಿಕೊಂಡು ಬಂದರು.

ಈಗ ರತ್ನಕ್ಕ.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಇಚಲಕರಂಜಿಯಲ್ಲಿ ಮಗ್ಗಗಳಿದ್ದ ಜಿನ್ನಪ್ಪ ಎಂಬ ಜೈನರ ಯಜಮಾನ ನಮ್ಮಲ್ಲಿಗೆ ಬಂದ. ಅವನ ತಂಗಿ ಸುಮತಿ ನ್ಯೂಯಾರ್ಕಿನಲ್ಲಿ. ಎರಡು ಸಲ ಬಸಿರು ನಿಂತು ಎರಡು ಸಲವೂ ಇಳಿದುಹೋಗಿತ್ತು. ಈಗ ಮೂರನೆಯದು, ದೀಪಾವಳಿ ದಾಟಿದ ಮೇಲೆ ದಿನ. ಅಲ್ಲಿ ಗಂಡನನ್ನು ಬಿಟ್ಟರೆ ಇನ್ನೊಬ್ಬರಿಲ್ಲ. ಹಡೆಯುವ ಹೊತ್ತಿಗೆ ಅವ್ವ ಬಳಿಯಲ್ಲಿರಬೇಕೆಂದು ಹುಡುಗಿ ಫೋನಿನಲ್ಲಿ ಅತ್ತಿದ್ದಳು. ಅವ್ವ ಎಂದರೆ ರತ್ನಕ್ಕ. ಅರವತ್ತು ದಾಟಿದ ವಿಧವೆ, ಇಚಲಕರಂಜಿಯಿಂದಾಚೆಗೆ ನೋಡಿದ್ದೆಂದರೆ ತೀರ್ಥಕ್ಷೇತ್ರಗಳು ಮಾತ್ರ.

ರತ್ನಕ್ಕ ಹೊತ್ತು ಮುಳುಗಿದ ಮೇಲೆ ಬಾಯಿಗೆ ಏನೂ ಹಾಕುತ್ತಿರಲಿಲ್ಲ. ಅದು ಅವರ ಮನೆಯಲ್ಲಿ ಎಲ್ಲರಿಗೂ ಇದ್ದದ್ದೇ. ಅದರ ಮೇಲೆ ಅಷ್ಟಮಿ, ಚತುರ್ದಶಿಗೆ ಉಪವಾಸ. ಉಪವಾಸವೆಂದರೆ ನಮ್ಮಂತೆ ಸಾಬೂದಾಣಿ ಖಿಚಡಿ ಹೊಡೆಯುವ ಉಪವಾಸವಲ್ಲ. ಹಿಂದಿನ ಸಂಜೆ ಸೂರ್ಯ ಮುಳುಗಿದಾಗಿನಿಂದ ಮರುದಿನವೆಲ್ಲ ಹನಿ ನೀರಿಲ್ಲದೆ ಇದ್ದು, ಅದರ ಮರುದಿನ ಸೂರ್ಯ ಹುಟ್ಟಿದ ಮೇಲೆ ಪಾರಣೆ. ಮದುವೆಯಾದ ವರ್ಷ ಹಿಡಿದ ವ್ರತ, ಒಮ್ಮೆಯೂ ತಪ್ಪಿರಲಿಲ್ಲ. ಈಚೆಗೆ ಮಾತ್ರ ಮೈ ಸೋತಿತ್ತು. ಹಿಂದಿನ ಭಾದ್ರಪದದಲ್ಲಿ ಉಪವಾಸದ ಮರುದಿನ ಬೆಳಿಗ್ಗೆ ಬಸದಿಯ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದಿದ್ದರು. ಡಾಕ್ಟರರು ಇನ್ನು ಉಪವಾಸ ಸಾಕು ಎಂದಿದ್ದರು. ರತ್ನಕ್ಕ ಡಾಕ್ಟರನ್ನು ಬದಲಿಸಿದ್ದರು.

ದೀಪಾವಳಿಯ ಗದ್ದಲದಲ್ಲಿ ಸೀಟು ಸಿಗುವುದೇ ಕಷ್ಟ. ಹೆರಿಗೆಯ ದಿನಕ್ಕಿಂತ ಮೊದಲು ಎರಡೇ ತಾರೀಖಿಗೆ ಒಂದೊಂದು ಸೀಟು ಉಳಿದಿತ್ತು. ಜಿನ್ನಪ್ಪ ಎರಡನ್ನೂ ಪಂಚಾಂಗದ ಮೇಲಿಟ್ಟು ನೋಡಿದ. ಅವನ ಮುಖ ಅರಳಿತು.

"ಇದ ಇರಲಿ ಬಾಯಾರ. ಅವತ್ತ ಚತುರ್ದಶಿ ಐತಿ."

"ಚತುರ್ದಶಿ ದಿನ ಅವ್ವಾರಿಗೆ ಉಪವಾಸ ಇರತೈತಲ್ರಿ?"

"ಅದಕ್ಕ ಅಂದೆ. ವಿಮಾನದಾಗ ತತ್ತಿ ಕೊಡತಾರೋ, ಮತ್ತೇನ ಕೊಡತಾರೋ. ಉಳ್ಳಾಗಡ್ಡಿ ಬಟಾಟಿ ಹಾಕಿದ್ದು ಅವ್ವ ಮುಟ್ಟೂದಿಲ್ಲ. ಉಪವಾಸ ಇದ್ರ ಊಟದ ತಂಟೇನ ಇಲ್ಲ. ಬೆಳಿಗ್ಗೆ ಕುಂತ್ರ ಅವತ್ತ ಮಧ್ಯಾಹ್ನ ಅಲ್ಲಿ ಇಳೀತಾಳ. ರಾತ್ರಿ ಸುಮತಿ ಮನ್ಯಾಗ ಮಲಗಿ ಬೆಳಿಗ್ಗೆದ್ದ ಪಾರಣಿ ಮಾಡತಾಳ."

ಎಂಥ ತಲೆ ಎಂದುಕೊಂಡೆ. ಭಾವುಸಾಹೇಬರಂತೂ ಕುಣಿದಾಡಿದರು. ಇನ್ನು ಮುಂದೆ ಜೈನ ಗಿರಾಕಿಗಳಿಗೆಲ್ಲ ಚತುರ್ದಶಿಯ ತಿಕೀಟೇ ಮಾಡಿಕೊಡೋಣ, ಬೋರ್ಡು ಬರೆಸೋಣ ಎಂದರು. ಬೆಳಗಾವಿಯವರೆಗೂ ಜಾಹೀರಾತು ಕೊಡುವ ಮಾತು ಬಂತು. ಇನ್ನೊಂದು ತಾರೀಖಿನ ಸೀಟು ಅವತ್ತು ಸಂಜೆಯೊಳಗೆ ಬೇರೆ ಯಾರದೋ ಪಾಲಾಯಿತು.

ನಾಲ್ಕೈದು ದಿನ ಬಿಟ್ಟು ನಾನು ರತ್ನಕ್ಕನ ಚೀಟಿ ಬರೆಯಲು ಕುಳಿತೆ. ಮುಂಬಯಿಯಿಂದ ನ್ಯೂಯಾರ್ಕ್ ಹನ್ನೆರಡು ಸಾವಿರ ಕಿಲೋಮೀಟರಿಗೂ ಮೇಲೆ. ನಡುವೆ ಲಂಡನ್ನಿನಲ್ಲಿ ನಿಲುಗಡೆ. ಬಸ್ಸಿನ ಲೆಕ್ಕ ಬರೆದೆ. ಊಟದ ಸಾಲು ಖಾಲಿ ಬಿಟ್ಟೆ. ಅವರಿಗಾಗಿ ಒಂದು ಹೊಸ ಸಾಲು ಹಾಕಿದೆ, ಸೂರ್ಯ ಮುಳುಗುವುದು ಎಲ್ಲಿ ಎಂದು. ಭೂಗೋಲ ತಂದು ದಾರ ಹಿಡಿದು ಹುಡುಕಿದೆ. ಸೂರ್ಯ ಮುಳುಗಲೇ ಇಲ್ಲ.

ವಿಮಾನ ಪಡುವಲಕ್ಕೆ ಓಡುತ್ತದೆ, ಸೂರ್ಯನೂ ಪಡುವಲಕ್ಕೇ ಓಡುತ್ತಾನೆ. ಸಣ್ಣವಳಿದ್ದಾಗ ಸಂಜೆ ಕುರಿ ಹೊಡೆದುಕೊಂಡು ಬರುವಾಗ ಸೂರ್ಯ ಮುಂದೆ, ನಾವು ಹಿಂದೆ. ಅಪ್ಪ ಅನ್ನುತ್ತಿದ್ದ, ಇವನ ಸಂಗಾಟ ಓಡಾಕ ಬಂದಿದ್ರ ರಾತ್ರಿನ ಆಗತಿದ್ದಿಲ್ಲ ಅಂತ. ರತ್ನಕ್ಕ ಈಗ ಅವನ ಸಂಗಾಟ ಓಡುವವರಿದ್ದರು. ಬೆಳಿಗ್ಗೆ ಹತ್ತಿ, ಇಪ್ಪತ್ತು ತಾಸಿನ ಹತ್ತಿರ ಕಳೆದು ಇಳಿದರೂ ಅದೇ ಚತುರ್ದಶಿಯ ಅದೇ ಸೂರ್ಯ ಇನ್ನೂ ಮೇಲೇ ಇರುತ್ತಾನೆ. ಅಲ್ಲಿ ಅವನು ಮುಳುಗಿ ಮತ್ತೆ ಹುಟ್ಟುವವರೆಗೆ ಕಾದರೆ ಊರಲ್ಲಿ ಮಾಡುವ ಉಪವಾಸಕ್ಕಿಂತ ಹತ್ತು ತಾಸು ಹೆಚ್ಚಾಗುತ್ತದೆ, ಅದೂ ನೀರಿಲ್ಲದೆ. ಬಸದಿಯ ಮೆಟ್ಟಿಲ ಮೇಲೆ ಬಿದ್ದ ಹೆಂಗಸು. ಚೀಟಿಯನ್ನು ಅಲ್ಲಿಗೇ ಬಿಟ್ಟು ಎದ್ದೆ.

ಭಾವುಸಾಹೇಬರಿಗೆ ಹೇಳಿದೆ. ಅವರು ಭೂಗೋಲವನ್ನೇ ಸಂಶಯದಿಂದ ನೋಡಿದರು.

"ಅಹೋ ಸುಶೀಲಾಬಾಯಿ, ನಾವು ವಿಮಾನದ ತಿಕೀಟು ಮಾರತೇವಿ. ಸೂರ್ಯನ ತಿಕೀಟು ಮಾರೂದಿಲ್ಲ. ಗಪ್ಪ ಕುಂದರ್‍ರಿ."

ಗಪ್ಪ ಕೂಡುವುದು ನನ್ನ ಜಾತಕದಲ್ಲೇ ಇಲ್ಲ. ಮರುದಿನ ರಜೆ ಕೇಳದೆ, ಭೂಗೋಲವನ್ನು ಗೋಣಿಚೀಲದಲ್ಲಿ ಹಾಕಿಕೊಂಡು ಇಚಲಕರಂಜಿ ಬಸ್ಸು ಹತ್ತಿದೆ. ಕಂಡಕ್ಟರ್ ಚೀಲ ಮುಟ್ಟಿ ನೋಡಿ ಏನದು ಎಂದ. ಪೃಥ್ವಿ ಎಂದೆ. "ಪೃಥ್ವಿಗೆ ಲಗೇಜ್ ಆಗತೈತಿ" ಎಂದು ತಿಕೀಟು ಹರಿದು ಕೊಟ್ಟ.

ಜಿನ್ನಪ್ಪನ ಮನೆಯ ಅಂಗಳಕ್ಕೆ ಹಿಂದಿನ ಶೆಡ್ಡಿನ ಮಗ್ಗಗಳ ಖಟಖಟ ಕೇಳುತ್ತಿತ್ತು. ಆ ಊರಿನಲ್ಲಿ ಯಾರೂ ಮೆಲ್ಲಗೆ ಮಾತಾಡುವುದಿಲ್ಲ, ಮಾತಾಡಿದರೆ ಕೇಳಿಸುವುದಿಲ್ಲ. ರತ್ನಕ್ಕ ಪಡಸಾಲೆಯಲ್ಲಿ ಕೂತು ಅಂಟಿನುಂಡಿ ಕಟ್ಟುತ್ತಿದ್ದರು, ಮಗಳ ಬಾಣಂತನಕ್ಕೆ. ಬಿಳಿ ಸೀರೆ, ಸಣ್ಣ ದೇಹ, ತುಪ್ಪ ಮೆತ್ತಿದ ಕೈ. ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯೇರೂ ಅಲ್ಲೇ ಇದ್ದರು, ಪ್ರಯಾಣಕ್ಕೆ ಮುಹೂರ್ತ ನೋಡಲು ಬಂದವರು. ನಾನು ಭೂಗೋಲ ತೆಗೆದು ತುಳಸಿಕಟ್ಟೆಯಂಥ ಒಂದು ಎತ್ತರದ ಕಲ್ಲಿನ ಮೇಲಿಟ್ಟೆ. ಬಿಸಿಲು ಅರ್ಧಕ್ಕೆ ಬಿದ್ದಿತು. ಬೆರಳನ್ನು ವಿಮಾನ ಮಾಡಿ ಎಲ್ಲವನ್ನೂ ತೋರಿಸಿದೆ.

ಜಿನ್ನಪ್ಪ ಮಗ್ಗದವನು, ಲೆಕ್ಕ ಬೇಗ ತಿಳಿಯಿತು. ಅವನು ಕೂಡಲೇ ದಾರಿ ಹುಡುಕಿದ.

"ಹಂಗಾದ್ರ ಇಲ್ಲಿ ಗಡಿಯಾರ ಹಿಡಿಯೂಣ. ಇಚಲಕರಂಜ್ಯಾಗ ಹೊತ್ತು ಹುಟ್ಟಿದ್ರ ಅವ್ವಗ ಪಾರಣಿ. ಎಲ್ಲೇ ಇರಲಿ."

"ಇಲ್ಲಿ ಹೊತ್ತು ಹುಟ್ಟೂ ಹೊತ್ತಿಗೆ ಅಲ್ಲಿ ಕತ್ತಲಾಗಿರತೈತ್ರಿ ಅಣ್ಣಾರ" ಎಂದೆ. "ಕತ್ತಲಾದ ಮ್ಯಾಲ ಅಕ್ಕಾರು ಉಣ್ಣೂದಿಲ್ಲಲ್ಲ."

ಎಲ್ಲರೂ ಉಪಾಧ್ಯೇರ ಕಡೆ ನೋಡಿದರು. ಅವರು ಭೂಗೋಲವನ್ನು ಒಂದು ಸುತ್ತು ತಿರುಗಿಸಿದರು, ಅರಬ್ಬೀ ಸಮುದ್ರದ ತಗ್ಗಿನಲ್ಲಿ ಬೆರಳಿಟ್ಟು ನೋಡಿದರು.

"ಶಾಸ್ತ್ರದಾಗ ಸೂರ್ಯನ ಮಾತೈತಿ, ಗಡಿಯಾರದ ಮಾತಿಲ್ಲ. ನಾವು ಎಲ್ಲಿರತೇವಿ ಅಲ್ಲಿ ಸೂರ್ಯ. ಆದ್ರ ಸೂರ್ಯನ ಬೆನ್ನ ಹತ್ತಿ ಓಡಬ್ಯಾಡ್ರಿ ಅಂತ ಎಲ್ಲಿ ಬರದಾರ? ಹಿರ್‍ಯಾರಿಗೆ ಇಂಥಾದ್ದು ಗೊತ್ತಿದ್ದಿಲ್ಲ."

"ಅಂದ್ರ ಏನ ಮಾಡಬೇಕ್ರಿ?"

"ನನಗ ತಿಳೀವಲ್ದು" ಎಂದರು ಉಪಾಧ್ಯೇರು. ಒಬ್ಬ ದೊಡ್ಡ ಮನುಷ್ಯ ಹೀಗೆ ನೇರವಾಗಿ ಹೇಳಿದ್ದನ್ನು ನಾನು ಆ ಮೊದಲು ಕೇಳಿರಲಿಲ್ಲ. ಅವರ ಮೇಲೆ ನನಗೆ ಅಂದಿನಿಂದ ಗೌರವ ಹೆಚ್ಚಾಯಿತು.

ಜಿನ್ನಪ್ಪನ ಧ್ವನಿ ಸಣ್ಣದಾಯಿತು. "ಅವ್ವಾ, ಇದೊಂದು ಚತುರ್ದಶಿ ಬಿಡು. ಯಾರಿಗೂ ಹೇಳೂದಿಲ್ಲ."

"ಯಾರಿಗೂ ಹೇಳಾಕಂತ ಹಿಡದಿದ್ದಿಲ್ಲೋ ನಾ" ಎಂದರು ರತ್ನಕ್ಕ.

ಅಷ್ಟು ಹೊತ್ತೂ ಅವರು ಉಂಡಿ ಕಟ್ಟುತ್ತಲೇ ಇದ್ದರು. ಈಗ ಕೈ ಒರೆಸಿಕೊಂಡು ನನ್ನನ್ನು ಹತ್ತಿರ ಕರೆದರು. ನ್ಯೂಯಾರ್ಕು ಯಾವುದು ತೋರಿಸು ಎಂದರು. ತೋರಿಸಿದೆ. ಆ ಚುಕ್ಕೆಯ ಮೇಲೆ ತುಪ್ಪದ ಬೆರಳಿಟ್ಟರು.

"ಸುಮತಿ ಇಲ್ಲಿ ಅದಾಳ?"

"ಹೌದ್ರಿ."

"ನಾ ಇಳದಾಗ ಇನ್ನೂ ಬಿಸಲ ಇರತೈತಿ ಅಂದಿ?"

"ಒಂದು ತಾಸಿನ ಬಿಸಲ ಇರಬಹುದ್ರಿ, ವಿಮಾನ ತಡ ಆಗದಿದ್ರ."

"ಮತ್ತ ಈ ವಿಮಾನ ಬಿಟ್ರ ಹಡಿಯೂದ್ರಾಗ ಇನ್ನೊಂದು ಸಿಗೂದಿಲ್ಲ?"

"ಸಿಗೂದಿಲ್ರಿ ಅಕ್ಕಾರ. ಎಲ್ಲಾ ಕಡೆ ಕೇಳೀನಿ."

"ಹೋಗತೀನಿ" ಎಂದರು. "ಉಪವಾಸದ್ದು ನಾನೂ ಸೂರ್ಯನೂ ನೋಡಕೋತೀವಿ. ನೀವು ಯಾರೂ ನಡುವ ಬರಬ್ಯಾಡ್ರಿ. ತಂಗಿ, ಉಂಡಿ ತಿನ್ನು."

ಹೊರಡುವ ದಿನ ನನ್ನ ಚೀಟಿಯನ್ನು ಜಿನ್ನಪ್ಪನ ಕೈಗೆ ಕೊಟ್ಟೆ. ಊಟದ ಸಾಲಿನಲ್ಲಿ ಏನೂ ಬರೆದಿರಲಿಲ್ಲ, ಬರೆಯಲು ಗೊತ್ತಾಗಲಿಲ್ಲ. ಅವನು ತಾನೂ ಮುಂಬಯಿವರೆಗೆ ಹೋಗಿ, ಸಂಬಂಧಿಕರ ಮನೆಯಲ್ಲಿ ಹೊತ್ತು ಮುಳುಗುವ ಮೊದಲು ಅವ್ವನಿಗೆ ಊಟ ಮಾಡಿಸಿ, ಬೆಳಿಗ್ಗೆ ವಿಮಾನ ಹತ್ತಿಸಿದ. ಆ ದಿನ ಆಫೀಸಿನಲ್ಲಿ ನನ್ನ ಕೈಯಿಂದ ಒಂದೂ ಕೆಲಸ ನೆಟ್ಟಗೆ ಆಗಲಿಲ್ಲ. ದುಬೈಗೆ ಹೋಗುವವನಿಗೆ ದೆಹಲಿಯ ತಿಕೀಟು ಬರೆದೆ. ಮಧ್ಯಾಹ್ನ ಬಿಸಿಲಲ್ಲಿ ನಿಂತು ಮೇಲೆ ನೋಡಿದೆ, ಈ ಸೂರ್ಯನೇ ಅಲ್ಲಿಯೂ ಇದ್ದಾನೆ ಎಂದುಕೊಂಡೆ. ಸಂಜೆಗೆ ನಮ್ಮ ಪಾಲಿನ ಸೂರ್ಯ ಮುಳುಗಿದ. ರತ್ನಕ್ಕನ ಪಾಲಿನವನು ಮುಳುಗಿರಲಿಲ್ಲ. ಮನೆಯಲ್ಲಿ ನನಗೂ ಊಟ ಸೇರಲಿಲ್ಲ. ನಾನೇನು ಜೈನಳಲ್ಲ, ನನ್ನ ಉಪವಾಸಕ್ಕೆ ಪುಣ್ಯವೂ ಇಲ್ಲ.

ಎರಡು ದಿನ ಬಿಟ್ಟು ಜಿನ್ನಪ್ಪನಿಂದ ಸುದ್ದಿ ಬಂತು. ತಂತಿ ಬಂದಿದೆ, ಹೆಣ್ಣುಮಗು, ಬಾಣಂತಿ, ಮಗು, ಅಜ್ಜಿ ಮೂವರೂ ಕ್ಷೇಮ. ಭಾವುಸಾಹೇಬರು ಪೇಡೆ ತರಿಸಿದರು. ಚತುರ್ದಶಿಯ ಬೋರ್ಡು ಬರೆಸುವ ಮಾತು ಮತ್ತೆ ತೆಗೆದರು. ನಾನು ಅವರನ್ನು ನೋಡಿದ ರೀತಿಗೆ ಆ ಮಾತು ಅಲ್ಲೇ ಸತ್ತಿತು. ಆದರೆ ಅಜ್ಜಿ ಹೇಗೆ ಕ್ಷೇಮವಾಗಿ ಉಳಿದರು ಎಂಬುದು ತಂತಿಯಲ್ಲಿರಲಿಲ್ಲ. ಕಾಗದದಲ್ಲಿಯೂ ಬರೆಯಲಿಲ್ಲವಂತೆ.

ರತ್ನಕ್ಕ ತಿರುಗಿ ಬಂದದ್ದು ಬೇಸಿಗೆಯಲ್ಲಿ. ಬಂದ ವಾರವೇ ಹೇಳಿ ಕಳಿಸಿದರು, ಆ ತಿಕೀಟಿನ ಹುಡುಗಿಯನ್ನು ಕರೆಯಿರಿ ಎಂದು. ಹೋದೆ. ಅದೇ ಅಂಗಳ, ಅದೇ ಖಟಖಟ, ಉಪಾಧ್ಯೇರನ್ನೂ ಕರೆಸಿದ್ದರು. ಮುಚ್ಚಿ ಹೇಳುವ ಜಾತಿಯಲ್ಲ ಆಕೆ.

"ಚಲೋ ಹೇಳಿದ್ದಿ ತಂಗಿ" ಎಂದರು. "ಕಿಡಕ್ಯಾಗ ಉಣ್ಣಾಕ ಬಂದ ಬೀಗನಂಗ ಕುಂತಿದ್ದ ಸೂರ್ಯ, ಏಳವಲ್ಲ. ಬೆಳಗಿನ ಸಾಮಾಯಿಕದ ಧ್ಯಾನಾ ಮಾಡಿದೆ, ಅದಾನ. ಮಧ್ಯಾಹ್ನದ್ದು ಮಾಡಿದೆ, ಅದಾನ. ಸಂಜೀದು ಮಾಡಿ, ಮಲಗೂ ಮುಂದಿನ ಜಪ ಮುಗಿಸಿ, ಕಣ್ಣ ಮುಚ್ಚಿ ನಿದ್ದಿ ಮಾಡಿದೆ. ಎದ್ದು ನೋಡತೀನಿ, ಇನ್ನೂ ಅದಾನ."

ಇಳಿಯುವ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿತ್ತಂತೆ. ಕಾಲಲ್ಲಿ ಶಕ್ತಿಯಿಲ್ಲ. ಆದರೂ ಮರುದಿನ ಬೆಳಗಿನವರೆಗೆ ತಡೆಯಬೇಕೆಂದೇ ಮನಸ್ಸಿನಲ್ಲಿತ್ತಂತೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಅಳಿಯ ಒಬ್ಬನೇ ನಿಂತಿದ್ದ. ಸುಮತಿಗೆ ಬೆಳಿಗ್ಗೆಯೇ ಬ್ಯಾನೆ ಶುರುವಾಗಿತ್ತು, ದವಾಖಾನೆಗೆ ಸೇರಿಸಿ ಬಂದಿದ್ದ. ಅಲ್ಲಿಂದ ದವಾಖಾನೆ ಎಷ್ಟು ದೂರ ಎಂದು ರತ್ನಕ್ಕ ಕೇಳಿದರು. ಒಂದು ತಾಸಿನ ದಾರಿ ಎಂದ ಅವನು. ಅವರು ಹೊರಗೆ ಬಂದು ಪಡುವಲ ಕಡೆ ನೋಡಿದರು.

ಹೇಳುತ್ತ ರತ್ನಕ್ಕ ಕೈ ಚಾಚಿ, ಬೆರಳು ಅಗಲಿಸಿ ತೋರಿಸಿದರು. "ಇಷ್ಟ, ಒಂದು ಗೇಣು ಉಳದಿತ್ತು. ಸಾಮಾನಿನ ಪೆಟಗಿ ಮ್ಯಾಲ ಅಲ್ಲೇ ಕುಂತೆ. ಗಂಟು ಬಿಚ್ಚಿ ಸುಮತಿ ಸಲುವಾಗಿ ಕಟ್ಟಿದ್ದ ಅಂಟಿನುಂಡಿ ತಗದೆ. ಅಳಿಯನ್ನ ಓಡಿಸಿ ನೀರು ತರಿಸಿದೆ. ಅವನ ಮುಖಾ ನೋಡಕೋತನ ಎರಡು ಉಂಡಿ ತಿಂದು, ಚರಿಗಿ ನೀರು ಕುಡದೆ. ಬಾಣಂತಿ ಉಂಡಿ ಬಾಣಂತಿಗಿಂತ ಮೊದಲ ನಾ ತಿಂದೆ. ಆಮ್ಯಾಲ ಎದ್ದು ದವಾಖಾನಿಗೆ ಹೋಗಿ, ಬೆಳತನಕ ಆಕಿ ಕೈ ಹಿಡಕೊಂಡು ನಿಂತೆ. ಹಸಕೊಂಡಿದ್ರ ನಿಲ್ಲಾಕ ಆಗತಿದ್ದಿಲ್ಲ. ಮೂರನೇದ್ದು, ಉಪಾಧ್ಯೇರ. ಮೊದಲಿನ ಎರಡು ಸಲ ಆಕಿ ಹಂತ್ಯಾಕ ಯಾರೂ ಇದ್ದಿಲ್ಲ."

ಜಿನ್ನಪ್ಪ ನೆಲ ನೋಡುತ್ತಿದ್ದ. ಉಪಾಧ್ಯೇರು ಮೆಲ್ಲಗೆ ಕೇಳಿದರು.

"ಕುಂತದ್ದು ಚತುರ್ದಶಿ ಸೂರ್ಯನ ಮುಂದ. ಉಂಡದ್ದೂ ಅವನ ಮುಂದ. ಮತ್ತ ಅದು ಯಾವ ದಿನದ ಪಾರಣಿ ಆತು ರತ್ನಕ್ಕ?"

"ನನ್ನ ದಿನ ನಾ ಮುಗಿಸಿದ್ದೆ" ಎಂದರು ರತ್ನಕ್ಕ. "ಸಾಮಾಯಿಕ ಆಗಿತ್ತು, ಜಪ ಆಗಿತ್ತು, ನಿದ್ದಿ ಆಗಿತ್ತು. ಅವನ ದಿನ ಅವ ಮುಗಿಸದಿದ್ರ ಅದು ಅವನ ಹಣೇಬರ. ಬರಾಗ ಮತ್ತ ಚತುರ್ದಶಿನ ಹಿಡದು ಬಂದೆ. ಆ ದಿನ ಎಷ್ಟ ಸಣ್ಣದಿತ್ತಂದ್ರ, ಜಪ ಅರ್ಧಾ ಆಗೂದ್ರಾಗ ಸೂರ್ಯ ಮುಳುಗಿದ, ಕಣ್ಣ ಮುಚ್ಚಿ ತಗಿಯೂದ್ರಾಗ ಹುಟ್ಟಿದ. ಅವ ಹುಟ್ಟಿದ ಅಂತ ಪಾರಣಿ ಮಾಡಲಿಲ್ಲ. ನನ್ನ ಜಪ ಮುಗಿದ ಮ್ಯಾಲ ನೀರು ಕುಡದೆ. ಲೆಕ್ಕಾ ಸರಿ ಐತೋ ಇಲ್ಲೋ ನೀವ ಹೇಳ್ರಿ."

ಉಪಾಧ್ಯೇರು ಎದ್ದು ಆ ಸಣ್ಣ ಮುದುಕಿಗೆ ಕೈ ಮುಗಿದರು. ನನಗೆ ಅಳು ಬಂತು, ಮಗ್ಗದ ಧೂಳು ಎಂದು ಹೇಳಿ ಕಣ್ಣು ಒರೆಸಿಕೊಂಡೆ. ಯಾರೂ ನಂಬಲಿಲ್ಲ.

ಆಮೇಲಿನ ವರ್ಷಗಳಲ್ಲಿ ಪದ್ಧತಿ ಬದಲಾಗುತ್ತ ಹೋಯಿತು. ಟೆಲೆಕ್ಸ್ ಬಂತು, ಅದರ ಹಿಂದೆ ಕಂಪ್ಯೂಟರ್ ಬಂತು. ಎರಡು ವಿಮಾನ ನಿಲ್ದಾಣಗಳ ಹೆಸರು ಹೊಡೆದರೆ ದೂರವೂ ತಾಸೂ ಒಮ್ಮೆಗೇ ಮುಖಕ್ಕೆ ರಾಚುತ್ತಿತ್ತು. ಭಾವುಸಾಹೇಬರು ತೀರಿಹೋದರು, ಕೊನೆಯವರೆಗೂ ವಿಮಾನ ಹತ್ತದೆ. ಅವರ ಮಗ ಕುರ್ಚಿಗೆ ಬಂದ. ಅವನು ದಾರವನ್ನು ಕಸಕ್ಕೆ ಎಸೆದ, ಭೂಗೋಲವನ್ನು ನಾನು ಕೊಡಲಿಲ್ಲ. ನನ್ನ ಚೀಟಿ ಬರೆಯುವುದನ್ನೂ ನಿಲ್ಲಿಸಲಿಲ್ಲ. ಆ ಕಂಪ್ಯೂಟರ್ ಪೆಟ್ಟಿಗೆಗೆ ದೂರ ಗೊತ್ತು, ಹೊತ್ತು ಗೊತ್ತು. ಹೋಗುತ್ತಿರುವವರು ಯಾರ ಹತ್ತಿರ ಹೋಗುತ್ತಿದ್ದಾರೆ, ದಾರಿಯಲ್ಲಿ ಏನು ತಿನ್ನುತ್ತಾರೆ, ಏನು ತಿನ್ನುವುದಿಲ್ಲ ಎಂದು ಅದು ಕೇಳುವುದಿಲ್ಲ. ನೀವು ಕೇಳಿರಿ. ತಾಸಿನ ಲೆಕ್ಕ ಆಮೇಲೆ ಹೇಳಿರಿ.

ನನ್ನ ಕೊನೆಯ ದಿನ ಸಣ್ಣದೊಂದು ಹಾರ, ದೊಡ್ಡದೊಂದು ಭಾಷಣ ಆಯಿತು. ಅವತ್ತು ಬಂದ ಕೊನೆಯ ಗಿರಾಕಿ ಉತ್ತೂರಿನ ಒಬ್ಬ ರೈತ, ಮಗಳನ್ನು ನೋಡಲು ಮೊದಲ ಸಲ ವಿಮಾನ ಹತ್ತುವವನು. ಅವನ ಚೀಟಿಯನ್ನು ನಿಧಾನವಾಗಿ ಬರೆದುಕೊಟ್ಟೆ, ಎಲ್ಲ ಸಾಲು ತುಂಬಿಸಿದೆ. ಅವನು ಹೋದ ಮೇಲೆ ಟೈಪ್‌ರೈಟರಿಗೆ ಬಟ್ಟೆ ಹೊದಿ‌ಸಿ, ಭೂಗೋಲವನ್ನು ಗೋಣಿಚೀಲಕ್ಕೆ ಇಳಿಸಿ ಎದ್ದೆ. ಹೊರಗೆ ಇನ್ನೂ ಚೆನ್ನಾಗಿ ಬಿಸಿಲಿತ್ತು.

"ಸುಶೀಲಾಬಾಯಿ, ಇನ್ನೂ ಹೊತ್ತೈತಿ" ಎಂದ ಹೊಸ ಮಾಲಕ, ಗಡಿಯಾರ ನೋಡುತ್ತ.

"ನಂದು ಮುಗದೈತ್ರಿ" ಎಂದೆ. "ಹೊತ್ತಿಂದು ಹೊತ್ತು ನೋಡಕೋತೈತಿ."

ಗಡಹಿಂಗ್ಲಜ ಬಸ್ಸಿನಲ್ಲಿ ಕಿಟಕಿಯ ಸೀಟು ಸಿಕ್ಕಿತು. ಕಂಡಕ್ಟರ್ ತೊಡೆಯ ಮೇಲಿದ್ದ ಚೀಲ ನೋಡಿ ಏನದು ಎಂದು ಕೇಳಿದ. ಉಂಡಿ ಎಂದು ಹೇಳಿದೆ, ಅವನು ಲಗೇಜ್ ಹಾಕಲಿಲ್ಲ.